ಕಣ್ಮರೆಯಾದವರ ಆಲೂಗಡ್ಡೆ

ಹತುಂಪಾತ ಎಂಬ ಬೆಟ್ಟದೂರಿನ ಮೆಟ್ಟಿಲು ಹೊಲಗಳ ಬಾಯಲ್ಲಿ ಫಲಕ ನಿಂತ ದಿನ ಬಸಿಲಿಯಾ ಚಾಂಪಿಗೆ ತಾನು ಸತ್ತುಹೋಗಿರುವ ಸುದ್ದಿ ತಿಳಿಯಿತು.

ಓದಿ ಹೇಳಿದವನು ಗ್ರಿಮಾಲ್ಡೊ. ಅವಳ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು, ಹಾಗಾಗಿ ಮನೆಮಂದಿಗೆಲ್ಲ ‘ಕುಂಪಾ’. ಇವನಿಗೆ ಓದಲು ಬರುತ್ತದೆ, ಎದುರು ಮಾತಾಡಲು ಬರುವುದಿಲ್ಲ ಎಂಬ ಎರಡು ಅರ್ಹತೆ ನೋಡಿ ಪರಂಪರೆ ರಕ್ಷಣಾ ಮಂಡಳಿಯವರು ಒಂದು ಕಿತ್ತಳೆ ಬಣ್ಣದ ಮೇಲಂಗಿ, ಒಂದು ಸೀಟಿ ಕೊಟ್ಟು ಕಾವಲಿಗೆ ನಿಲ್ಲಿಸಿದ್ದರು. ಫಲಕ ಒಳ್ಳೆಯ ಮರದ್ದು. ಹೇರು ಹೊರುವ ಲಾಮಾ ಪ್ರಾಣಿಯ ಹಿಕ್ಕೆ ಬಿಟ್ಟರೆ ಒಲೆಗೆ ಬೇರೇನೂ ಸಿಗದ ಆ ಎತ್ತರದಲ್ಲಿ ಬಾಗಿಲಿನಷ್ಟು ಅಗಲದ ಹಲಗೆಯನ್ನು ಸುಮ್ಮನೆ ಗಾಳಿಗೆ ನಿಲ್ಲಿಸಿದ್ದರು.

ಗ್ರಿಮಾಲ್ಡೊ ಗಂಟಲು ಸರಿಮಾಡಿಕೊಂಡು ಓದಿದ. ಇಂಕಾ ಎಂಬ ಮಹಾನ್ ಜನಾಂಗ ಈ ಹೊಲಗಳನ್ನು ಕಟ್ಟಿತು. ಆ ಜನಾಂಗ ಇಂದು ಕಣ್ಮರೆಯಾಗಿದೆ. ಒಳಗೆ ಉಳುವುದು, ಬಿತ್ತುವುದು, ಅಗೆಯುವುದು, ಮೇಯಿಸುವುದು ಅಪರಾಧ.

“ಕಣ್ಮರೆ ಅಂದ್ರೆ ಏನೋ?” ಎಂದಳು ದೊಮಿತಿಲಾ. ಬಸಿಲಿಯಾಳ ಅತ್ತೆ. ಬಾಯಲ್ಲಿ ಹಲ್ಲು ಕಡಿಮೆ, ಮಾತು ಜಾಸ್ತಿ.

“ಇಲ್ಲ ಅಂತ. ಹೋಗ್ಬಿಟ್ರು ಅಂತ.”

“ಯಾವಾಗ ಹೋದ್ವಂತೆ? ನಂಗ್ಯಾರೂ ಹೇಳ್ಲೇ ಇಲ್ವಲ್ಲೋ. ಬೆಳಗ್ಗೆ ತಾನೆ ಗಂಜಿ ಕುಡ್ಕೊಂಡು ಬಂದೆ.”

ಬಸಿಲಿಯಾಗೆ ನಗು ಬರಲಿಲ್ಲ. ಕೆಳಗಿನಿಂದ ಮೂರನೆಯ ಮೆಟ್ಟಿಲು ಅವಳದ್ದು. ಪ್ರತಿ ಮಳೆಗಾಲ ಗೋಡೆ ಬಾಯಿಬಿಡುತ್ತದೆ. ಬಿದ್ದ ಕಲ್ಲನ್ನು ಹೊಳೆಯಿಂದ ಬೆನ್ನ ಮೇಲೆ ಹೊತ್ತು ತಂದು, ಹಳೆಯ ಕಲ್ಲಿನ ಹಲ್ಲಿಗೆ ಹಲ್ಲು ಕೂರಿಸಿ, ಸಂದಿಗೆ ಮಣ್ಣು ಮೆತ್ತಿದವಳು ಅವಳು. ಬಸುರಿಯಾಗಿದ್ದಾಗಲೂ ಹೊತ್ತಿದ್ದಾಳೆ. ಹೊತ್ತೇ ಒಂದು ಕೂಸು ಕಳೆದುಕೊಂಡಿದ್ದಾಳೆ. ಐನೂರು ವರ್ಷ ಗೋಡೆ ತಾನೇ ನಿಂತಿತ್ತು ಅಂತ ಪ್ರವಾಸಿಗಳಿಗೆ ಹೇಳುವವರಿಗೆ ಆ ಬೆನ್ನು ಕಾಣುವುದಿಲ್ಲ. ಇಂಕಾಗಳ ಅದ್ಭುತ ಎಂದು ಬಾಯಿ ತೆರೆಯುತ್ತಾರೆ. ಅವಳು ಕಲ್ಲು ಹೊತ್ತು ಪಕ್ಕದಲ್ಲೇ ಹೋದರೆ, ಫೋಟೋಗೆ ಅಡ್ಡ ಬಂದಳೆಂದು ಮುಖ ಗಂಟು ಹಾಕುತ್ತಾರೆ.

ಬೇಲಿಯ ಕಂಬ ನೆಟ್ಟವರೂ ಊರಿನವರೇ. ಮಂಡಳಿಯ ಅಧ್ಯಕ್ಷ ಬಂದು ಭಾಷಣ ಮಾಡಿದ್ದ. ‘ಮಿಂಕಾ ನಿಮ್ಮ ಪೂರ್ವಜರ ಮಹಾನ್ ಪದ್ಧತಿ. ಎಲ್ಲರೂ ಸೇರಿ, ಕೂಲಿ ಕೇಳದೆ, ಹಾಡು ಹೇಳುತ್ತ ದುಡಿಯುವುದು. ಆ ಪದ್ಧತಿಗೆ ಮತ್ತೆ ಜೀವ ಕೊಡೋಣ.’ ಪದ್ಧತಿಗೆ ಜೀವ ಬಂದೇ ಬಂತು. ಬಸಿಲಿಯಾಳ ಗಂಡ ಟೊರಿಬಿಯೊ ಮತ್ತು ಊರಿನ ಗಂಡಸರು ಕಲ್ಲುನೆಲದಲ್ಲಿ ಗುಂಡಿ ತೋಡಿದರು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಆದರೆ ಮಿಂಕಾಕ್ಕೆ ಕರೆದವನು ಬಂದವರಿಗೆ ಹೊಟ್ಟೆ ತುಂಬ ಉಣ್ಣಲು, ಮೆಕ್ಕೆಜೋಳದ ಹೆಂಡ ಚಿಚಾ ಕುಡಿಯಲು ಕೊಡಬೇಕು. ಕೊಡದಿದ್ದರೆ ಆ ಕೆಲಸ ಆದಂತೆ ಲೆಕ್ಕವೇ ಅಲ್ಲ, ಮಾಡಿದವರೇ ಬಂದು ಕೆಡವಿದರೂ ಯಾರೂ ತಪ್ಪೆನ್ನುವುದಿಲ್ಲ. ಪದ್ಧತಿಯ ಈ ಅರ್ಧ ಅಧ್ಯಕ್ಷನ ಪುಸ್ತಕದಲ್ಲಿ ಇರಲಿಲ್ಲವೇನೋ. ಮಧ್ಯಾಹ್ನ ಆತ ಜೀಪಿನಲ್ಲಿ ಕೂತು ಕೋಳಿ ತಿಂದು, ಕೈ ಒರೆಸಿಕೊಂಡು ಹೋದ.

“ಬರೀ ಹೊಟ್ಟೇಲಿ ನೆಡಿಸ್ಕೊಂಡ್ರು,” ಎಂದ ಟೊರಿಬಿಯೊ ಮನೆಗೆ ಬಂದು, ಅಂಗೈ ನೋಡಿಕೊಳ್ಳುತ್ತ. “ಆ ಕಂಬ ನೆಟ್ಟಂಗೂ ಅಲ್ಲ, ಬಿಟ್ಟಂಗೂ ಅಲ್ಲ.” ಅವನು ಅಷ್ಟು ಹೇಳಿದರೆ ದೊಡ್ಡ ಮಾತು.

ಹೊಲ ಹೋದದ್ದಕ್ಕಿಂತ ಬಸಿಲಿಯಾಳನ್ನು ಕಿತ್ತು ತಿನ್ನುತ್ತಿದ್ದದ್ದು ಬೀಜದ ಚಿಂತೆ. ಮನೆಯ ಬೀಜ ಒಂದು ವಿಚಿತ್ರದ ಆಲೂಗಡ್ಡೆ. ಮೈತುಂಬ ಗಂಟು, ಗಂಟಿನ ಮೇಲೆ ಗಂಟು, ಎಲ್ಲಿ ಮುಖ ಎಲ್ಲಿ ಬೆನ್ನು ತಿಳಿಯದು. ಹೆಸರು ‘ಸೊಸೆ ಅಳೋ ಗಡ್ಡೆ’. ಮದುವೆಯಾಗಿ ಬಂದ ಹುಡುಗಿಗೆ ಅತ್ತೆ ಅದನ್ನು ಕೊಟ್ಟು ಸುಲಿಯಲು ಹೇಳುತ್ತಾಳೆ. ತಿರುಳು ಕಚ್ಚದೆ ಸಿಪ್ಪೆ ತೆಗೆದರೆ ಮನೆ ತೂಗಿಸುತ್ತಾಳೆ ಎಂದರ್ಥ. ಬಸಿಲಿಯಾ ಆವತ್ತು ಗಡ್ಡೆಯ ಅರ್ಧವನ್ನು ಸಿಪ್ಪೆಯ ಜೊತೆಗೇ ಕಳೆದಿದ್ದಳು. “ಇವಳ ಕೈಗೆ ಹಂದಿ ಕೊಟ್ರೆ ಇಲಿ ಮಾಡಿ ಕೊಡ್ತಾಳೆ,” ಎಂದು ದೊಮಿತಿಲಾ ನೆಂಟರ ಮುಂದೆ ಅಂದದ್ದು ಇವತ್ತಿಗೂ ಊರ ಬಾಯಲ್ಲಿದೆ. ಮಗಳು ಪಟ್ಟಣ ಸೇರಿ ಮದುವೆಯಾಗುವಷ್ಟು ಕಾಲ ಕಳೆದರೂ ಅತ್ತೆ ಅದನ್ನು ಬಿಟ್ಟಿಲ್ಲ.

ಆ ಗಡ್ಡೆಗೆ ಆ ಮೂರನೆಯ ಮೆಟ್ಟಿಲೇ ಬೇಕು. ಹಗಲೆಲ್ಲ ಬಿಸಿಲು ಕುಡಿದ ಕಲ್ಲುಗೋಡೆ ರಾತ್ರಿ ಬುಡಕ್ಕೆ ಕಾವು ಕೊಡುತ್ತದೆ. ಬೇಲಿ ಬಂದ ವರ್ಷ ಬಸಿಲಿಯಾ ಬೀಜವನ್ನು ಮೇಲಿನ ಬಯಲಲ್ಲಿ ಹಾಕಿದಳು. ಹಿಮ ಸುಟ್ಟಿತು. ಒಂದು ಬುಟ್ಟಿ ಮಾತ್ರ ಉಳಿಯಿತು, ಅದೂ ಕುರಿಯ ಕಣ್ಣಿನಷ್ಟು ಸಣ್ಣವು. ಈ ಆಗಸ್ಟಿನಲ್ಲಿ ಮಣ್ಣು ಸೇರದಿದ್ದರೆ ಬುಟ್ಟಿಯಲ್ಲೇ ಸುಕ್ಕಿ ಸಾಯುತ್ತವೆ. ಬೇರೆ ಯಾರ ಮನೆಯಲ್ಲೂ ಆ ಬೀಜ ಈಗ ಉಳಿದಿಲ್ಲ.

ಆ ಆಗಸ್ಟಿಗೇ ಮಂಡಳಿಗೆ ಹಬ್ಬದ ಯೋಚನೆ ಬಂತು. ಹಿಂದೆ ಇಂಕಾ ದೊರೆ ಆಗಸ್ಟಿನಲ್ಲಿ ಪಾದದಿಂದ ಒತ್ತಿ ಉಳುವ ಚಿನ್ನದ ಕಾಲುನೇಗಿಲು ಹಿಡಿದು ತಾನೇ ಮೊದಲ ಗೆರೆ ಉಳುತ್ತಿದ್ದನಂತೆ. ಅದನ್ನು ಹತುಂಪಾತದ ಮೆಟ್ಟಿಲಲ್ಲೇ ಆಡಿಸಿ ತೋರಿಸುವುದು. ರಾಜಧಾನಿ ಲಿಮಾದಿಂದ ರೆಂಜೊ ಎಂಬ ನಿರ್ದೇಶಕ ಬಂದ. ಕುತ್ತಿಗೆಗೆ ಅಲ್ಪಾಕಾ ಉಣ್ಣೆಯ ಶಾಲು, ಕಣ್ಣಿಗೆ ಕಪ್ಪು ಕನ್ನಡಕ, ಮಾತಿಗೊಮ್ಮೆ ‘ನಮ್ಮ ಬೇರು, ನಮ್ಮ ಬೇರು’. ಸೂರ್ಯಕನ್ಯೆಯರ ಪಾತ್ರಕ್ಕೆ ಹತುಂಪಾತದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನೋಡಿದ. ಇಂಕಾ ಮುಖ ಯಾರಿಗೂ ಇಲ್ಲ ಎಂದ. ಪಟ್ಟಣದ ಕಾಲೇಜಿನಿಂದ ಎತ್ತರದ, ಬೆಳ್ಳನೆಯ ಹುಡುಗಿಯರನ್ನು ಕರೆಸಿ ಅವರಿಗೆ ಕಂದು ಪುಡಿ ಬಳಿಸಿದ. ಊರಿನವರಿಗೆ ಉಳಿದದ್ದು ಹೊರುವ ಪಾತ್ರ, ಉಳುವ ಪಾತ್ರ.

ಇಂಕಾ ದೊರೆ ಪಟ್ಟಣದ ಹಲ್ಲಿನ ಡಾಕ್ಟರ್ ವಿಲ್ಯಾಫ್ವೆರ್ತೆ. ಮಂಡಳಿಯ ಅಧ್ಯಕ್ಷನ ಭಾವಮೈದುನ. ಮೈಕಟ್ಟು ದೊರೆಯದ್ದೇ, ಪಲ್ಲಕ್ಕಿಯಲ್ಲಿ ಎತ್ತುವವರಿಗೆ ಗೊತ್ತು. ಅವನ ಆಸ್ಪತ್ರೆಯಲ್ಲಿ ಯಾರಾದರೂ ಹಳ್ಳಿಯವರ ಕೆಚುವಾ ಭಾಷೆಯಲ್ಲಿ ಬಾಯಿ ತೆರೆದರೆ, “ಮನುಷ್ಯರ ಭಾಷೇಲಿ ಹೇಳು,” ಅನ್ನುತ್ತಿದ್ದ. ದೊಮಿತಿಲಾ ನೋವಿನ ಹಲ್ಲು ಯಾವುದೆಂದು ಕೆಚುವಾದಲ್ಲೇ ಹೇಳಿದ್ದಳು. ಆತ ಪಕ್ಕದ್ದನ್ನು ಕಿತ್ತಿದ್ದ. ಈಗ ಅದೇ ಭಾಷೆಯ ಒಂದೇ ಒಂದು ಸಾಲನ್ನು ಅವನ ಆಸ್ಪತ್ರೆಯ ಕಸ ಗುಡಿಸುವವಳು ಅವನಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ‘ಬಿತ್ತಿ ಮಕ್ಕಳೇ, ಈ ಭೂಮಿ ನಿಮ್ಮದು.’

ಹಬ್ಬದ ಹಿಂದಿನ ದಿನ ತಾಲೀಮು. ಬೆಳಗಿನ ಗಾಳಿ ಚರ್ಮ ಕೊಯ್ಯುತ್ತಿತ್ತು. ರೆಂಜೊ ಹೆಂಗಸರ ಟೋಪಿ ತೆಗೆಸಿದ. ಸ್ವೆಟರು ತೆಗೆಸಿದ. ಟೈರಿನ ಚಪ್ಪಲಿ ಬಿಡಿಸಿದ. ಬರಿಗಾಲಲ್ಲಿ, ಬರಿದೋಳಲ್ಲಿ, ತೆಳ್ಳನೆಯ ಚೀಲದಂಥ ಅಂಗಿಯಲ್ಲಿ ನಿಲ್ಲಿಸಿದ.

“ಚಳಿ ಸ್ವಾಮಿ,” ಎಂದಳು ಬಸಿಲಿಯಾ.

“ಇಂಕಾಗಳಿಗೆ ಚಳಿ ಆಗ್ತಿರ್ಲಿಲ್ಲಮ್ಮ. ಅವರದು ಗಟ್ಟಿ ಜನ,” ಎಂದ ರೆಂಜೊ, ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತ.

ಆಚೆ ಗಂಡಸರು ಪಲ್ಲಕ್ಕಿ ಹೊತ್ತು ಮೆಟ್ಟಿಲು ಇಳಿಯುವುದನ್ನು ಕಲಿಯುತ್ತಿದ್ದರು. ಡಾಕ್ಟರು ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಟೊರಿಬಿಯೊನ ಹೆಗಲಿನ ಚರ್ಮ ಸುಲಿದು ಅಂಗಿಗೆ ಅಂಟಿತ್ತು. ರೆಂಜೊ ಅವನ ಮುಖದ ಹತ್ತಿರ ಬಂದು ಚಪ್ಪಾಳೆ ತಟ್ಟಿದ. “ಯಾಕಿಷ್ಟು ಸಪ್ಪೆ ಮುಖ? ಹೆಮ್ಮೆ ತೋರ್ಸಿ, ಹೆಮ್ಮೆ! ನಿಮ್ಮ ದೊರೇನ ಹೊತ್ತಿದ್ದೀರಿ!” ಟೊರಿಬಿಯೊ ಹಲ್ಲು ಕಚ್ಚಿದ. ಅದನ್ನು ಹೆಮ್ಮೆ ಎಂದು ತಿಳಿದು ರೆಂಜೊ ಭೇಷ್ ಎಂದ.

ಆಮೇಲೆ ಬಿತ್ತನೆಯ ತಾಲೀಮು. ಗಂಡಸರು ಕಾಲುನೇಗಿಲಿನಿಂದ ಒಂದು ಗೆರೆ ಹೆಂಟೆ ಎತ್ತುವುದು, ಹೆಂಗಸರು ಬಗ್ಗಿ ಬೀಜ ಇಡುವುದು, ನಗುವುದು. ರೆಂಜೊ ಒಂದು ಪೆಟ್ಟಿಗೆ ತೆರೆದ. ಒಳಗೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಕಂದು ಬಣ್ಣ ಬಳಿದ ಆಲೂಗಡ್ಡೆಗಳು. ಎಲ್ಲವೂ ಒಂದೇ ಅಳತೆ, ಮೊಟ್ಟೆಯಂತೆ ನುಣುಪು.

ದೊಮಿತಿಲಾ ಒಂದನ್ನು ಕೈಯಲ್ಲಿ ಹೊರಳಿಸಿ ನೋಡಿದಳು. “ಇದನ್ನ ಸುಲಿಯೋಕೆ ಯಾವ ಸೊಸೇನೂ ಅಳಲ್ಲ ಬಿಡಪ್ಪ.”

“ಸಂಜೆ ವಾಪಸ್ ಕೊಡ್ಬೇಕು,” ಎಂದ ರೆಂಜೊ. “ನಿಜವಾದ ಬೀಜ ಒಳಗೆ ಬಿಡೋ ಹಾಗಿಲ್ಲ. ಇದು ಪರಂಪರೆಯ ಮಣ್ಣು.”

ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಆಗಸ್ಟಿನಲ್ಲಿ ಭೂಮಿತಾಯಿಗೆ ಹಸಿವು. ಬಾಯಿ ತೆರೆದುಕೊಂಡಿರುತ್ತಾಳೆ. ಆ ತಿಂಗಳು ಮಣ್ಣು ತೆರೆದವರು ಏನಾದರೂ ಇಟ್ಟೇ ಮುಚ್ಚಬೇಕು, ಬೀಜವೋ, ಕೋಕಾ ಎಲೆಯೋ, ಒಂದು ಗುಟುಕು ಚಿಚಾವೋ. ಬಾಯಿ ತೆರೆಸಿ ಬರಿಗೈ ತೋರಿಸಿದರೆ ತನಗೆ ಬೇಕಾದದ್ದನ್ನು ತಾನೇ ತೆಗೆದುಕೊಳ್ಳುತ್ತಾಳೆ. ರಸ್ತೆ ಮಾಡುವವರು ಒಂದು ಆಗಸ್ಟಿನಲ್ಲಿ ಗುಡ್ಡ ಕೊರೆದು ಏನೂ ಕೊಡದೆ ಹೋಗಿದ್ದರು. ಮಳೆಗಾಲದಲ್ಲಿ ಗುಡ್ಡ ಇಳಿದು ಬಂದು ಎರಡು ಮನೆ ತೆಗೆದುಕೊಂಡಿತು. ರಸ್ತೆಯವರ ಮನೆಯಲ್ಲ, ಇವರ ಮನೆ.

“ಸ್ವಾಮಿ, ಆಗಸ್ಟಲ್ಲಿ ಭೂಮಿ ಬಾಯಿ ತೆಗೆಸಿ ಸುಣ್ಣ ತಿನ್ಸಕ್ಕಾಗಲ್ಲ,” ಎಂದಳು ಬಸಿಲಿಯಾ.

ರೆಂಜೊ ಕನ್ನಡಕ ಹಣೆಗೇರಿಸಿ ಅವಳನ್ನು ಪ್ರೀತಿಯಿಂದ ನೋಡಿದ. “ಎಷ್ಟು ಚೆನ್ನಾಗಿದೆ! ಈ ನಂಬಿಕೆ, ಈ ಮುಗ್ಧತೆ! ಇದನ್ನ ನಿರೂಪಣೇಲಿ ಸೇರಿಸ್ತೀನಿ.” ಸಹಾಯಕನಿಗೆ ಬರೆದುಕೊಳ್ಳಲು ಹೇಳಿದ. ಆಮೇಲೆ ಅವಳ ಕೈಗೆ ಪ್ಲಾಸ್ಟರಿನ ಗಡ್ಡೆ ಕೊಟ್ಟ. “ಹೂಂ, ಬಗ್ಗಿ.”

ಬಸಿಲಿಯಾ ಬಗ್ಗಿದಳು. ನೂರಾರು ಸಲ ಬಗ್ಗಿದ ಅದೇ ಮೂರನೆಯ ಮೆಟ್ಟಿಲು. ಯಾರೋ ಅವಳ ತಾಯಿಯ ಬಾಯಿಗೆ ಅವಳ ಕೈಯಿಂದಲೇ ಕಲ್ಲು ತುರುಕಿಸಿದಂತೆ ಅನ್ನಿಸಿತು. ನಾಚಿಕೆಯಿಂದ ಕಿವಿ ಸುಟ್ಟಿತು.

ಸಂಜೆ ಮನೆಯಲ್ಲಿ ಅವಳು ಬೀಜದ ಬುಟ್ಟಿ ಮುಂದಿಟ್ಟುಕೊಂಡು ಕೂತಳು. ದೊಮಿತಿಲಾ ಒಲೆಯ ಹತ್ತಿರದಿಂದ ನೋಡುತ್ತಿದ್ದಳು.

“ನಾಳೆ ಇದನ್ನ ಹಾಕ್ತೀನಿ ಅತ್ತೆ.”

“ಗೇಟಲ್ಲಿ ಕುಂಪಾ ಮೈಕೈ ತಡವಿ ನೋಡ್ತಾನೆ. ಎಲ್ಲಿ ಇಟ್ಕೊಂಡು ಹೋಗ್ತೀಯ? ನಿನ್ನ ತಲೇಲಾ? ಅಲ್ಲಿ ಜಾಗ ಬೇಕಾದಷ್ಟು ಖಾಲಿ ಇದೆ.”

“ಬೆನ್ನಲ್ಲಿ.”

ದೊಮಿತಿಲಾ ಎದ್ದು ಹೋಗಿ ಹಳೆಯ ಗಂಟು ಬಿಚ್ಚಿ ಒಂದು ಪುಟ್ಟ ಉಣ್ಣೆ ಟೋಪಿ ತಂದಳು. ಕಿವಿ ಮುಚ್ಚುವಂಥದ್ದು. ಬಸಿಲಿಯಾಳ ಮಗಳು ಕೂಸಾಗಿದ್ದಾಗ ಅವಳೇ ಹೆಣೆದದ್ದು. “ಕೂಸಿಗೆ ಟೋಪಿ ಇಲ್ದೆ ಹೊರಗೆ ಕರ್ಕೊಂಡು ಹೋಗ್ತಾರಾ? ಎಂಥ ತಾಯಿ ನೀನು,” ಎಂದು ಬೈದಳು.

ಮಾರನೆಯ ದಿನ ಬಸಿಲಿಯಾ ಬೆನ್ನಿಗೆ ಕಂಬಳಿ ಕಟ್ಟಿ ಗೇಟಿಗೆ ಬಂದಳು. ಕಂಬಳಿಯ ಮೇಲುಗಡೆ ಟೋಪಿ ಇಣುಕುತ್ತಿತ್ತು. ಗ್ರಿಮಾಲ್ಡೊ ತಡೆದ. ಅವನಿಗೆ ಗೊತ್ತಿತ್ತು, ಅವಳಿಗೆ ಕೂಸಿಲ್ಲ. ಕಂಬಳಿಯ ಅಂಚು ಸರಿಸಿದ. ಟೋಪಿಯೊಳಗೆ ತುಂಬಿದ ಗಡ್ಡೆಗಳ ಗಂಟುಗಂಟಿನ ಮುಖವೊಂದು ಅವನನ್ನು ನೋಡಿತು.

ಅವನು ಹಿಂದೆ ನೋಡಿದ. ಅಧ್ಯಕ್ಷನ ಜೀಪು ನಿಂತಿತ್ತು.

“ಕುಂಪಾ,” ಎಂದಳು ಬಸಿಲಿಯಾ ಮೆಲ್ಲಗೆ, “ಮೊದಲನೇದಕ್ಕೆ ಜ್ಞಾನಸ್ನಾನ ಮಾಡ್ಸಿದೋನು ನೀನು. ಇದಕ್ಕೂ ನೀನೇ.”

ಅವನು ಕಂಬಳಿ ಮುಚ್ಚಿದ. “ಅಜ್ಜಿ ಥರಾನೇ ಇದೆ,” ಎಂದು ಗೊಣಗಿ ದಾರಿ ಬಿಟ್ಟ. ಹಿಂದೆ ನಿಂತಿದ್ದ ದೊಮಿತಿಲಾ ಅವನ ಕಾಲು ತುಳಿದು ಒಳಗೆ ಹೋದಳು.

ಒಳಗೆ ರೆಂಜೊ ಕಂಡವನೇ ಕೈ ಚಾಚಿ ಓಡಿ ಬಂದ. “ತಾಯಿ ಮಗು! ನೆನ್ನೆಯಿಂದ ಇದೇ ಕೊರತೆ ಕಾಣ್ತಿತ್ತು! ನೀವು ಮುಂದಿನ ಸಾಲಿಗೆ ಬನ್ನಿ.” ಟೋಪಿಯ ಮೇಲೆ ತಟ್ಟಿದ. “ಎಷ್ಟು ಗಟ್ಟಿ ತಲೆ! ಅಳೋದೇ ಇಲ್ವಲ್ಲ?”

“ಇದು ಅಳಲ್ಲ ಸ್ವಾಮಿ,” ಎಂದಳು ದೊಮಿತಿಲಾ. “ಇದನ್ನ ಹಿಡಿದೋರು ಅಳ್ತಾರೆ.”

ಶಂಖ ಊದಿದರು. ನಗಾರಿ ಬಡಿದರು. ಮೇಲಿನ ಗೋಡೆಯ ಉದ್ದಕ್ಕೂ ಕುರ್ಚಿ ಹಾಕಿ ಕೂತ ಪ್ರವಾಸಿಗಳು ಫೋನು ಎತ್ತಿದರು. ಪಲ್ಲಕ್ಕಿ ಬಂತು. ಟೊರಿಬಿಯೊನ ಹೆಗಲಿನಿಂದ ರಕ್ತ ಇಳಿಯುತ್ತಿತ್ತು. ಡಾಕ್ಟರು ಗರಿ ಕಿರೀಟ ಹೊತ್ತು, ಎರಡೂ ಕೈ ಸೂರ್ಯನಿಗೆ ಚಾಚಿ, ಹಲ್ಲು ಕೀಳುವವನ ಗತ್ತಿನಲ್ಲೇ ಕೆಳಗಿಳಿದ. ಚಿನ್ನದ ಕಾಗದ ಸುತ್ತಿದ ಕಾಲುನೇಗಿಲನ್ನು ಮಣ್ಣಿಗೆ ಊರಿ, ಪಾದ ಇಟ್ಟು ಒತ್ತಿದ. ಬಿತ್ತದೆ ಬಿದ್ದ ಮಣ್ಣು, ಕಲ್ಲಾಗಿತ್ತು. ಲಟಕ್ಕನೆ ಸದ್ದಾಯಿತು. ಸಾಮ್ರಾಜ್ಯದ ನೇಗಿಲು ನಡುವಿಗೆ ಮುರಿಯಿತು. ದೊರೆ ಮುಂದಕ್ಕೆ ಮುಗ್ಗರಿಸಿ ಮೊಣಕಾಲೂರಿದ. ಭೂಮಿಗೆ ನಮಸ್ಕಾರ ಮಾಡುತ್ತಿದ್ದಾನೆಂದು ಪ್ರವಾಸಿಗಳು ಚಪ್ಪಾಳೆ ತಟ್ಟಿದರು.

“ನಿಜವಾದ್ದು! ಯಾರಾದ್ರೂ ನಿಜವಾದ್ದು ತನ್ನಿ!” ರೆಂಜೊ ಹಲ್ಲಿನ ಸಂದಿಯಿಂದ ಕೂಗಿದ.

ಟೊರಿಬಿಯೊ ಪಲ್ಲಕ್ಕಿಯ ಕಂಬ ಬಿಟ್ಟು ತನ್ನ ಕಾಲುನೇಗಿಲು ತೆಗೆದುಕೊಂಡ. ಉಳಿದ ಗಂಡಸರೂ ತಮ್ಮದನ್ನು ತಂದರು. ಸಾಲಾಗಿ ನಿಂತು, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಹೂಂ ಎಂದು ಒಟ್ಟಿಗೆ ಒತ್ತಿದರು. ಹೆಂಟೆ ಎದ್ದಿತು. ಕೆಳಗಿನ ಕರಿ ಮಣ್ಣು ಬಾಯಿಬಿಟ್ಟಿತು. ಅದರ ವಾಸನೆ ಬಸಿಲಿಯಾಳ ಮೂಗಿಗೆ ಬಡಿದು ಕಣ್ಣು ತುಂಬಿತು. ಒಂದು ಗೆರೆ ಮುಗಿಯಿತು. ಗಂಡಸರು ನಿಲ್ಲಲಿಲ್ಲ. ಇನ್ನೊಂದು ಗೆರೆ ತೆಗೆದರು.

ಬಸಿಲಿಯಾ ಕೈಯಲ್ಲಿದ್ದ ಪ್ಲಾಸ್ಟರಿನ ಗಡ್ಡೆಯನ್ನು ಪಕ್ಕಕ್ಕೆ ಎಸೆದಳು. ಬೆನ್ನಿನ ಗಂಟು ಬಿಚ್ಚಿದಳು. ಕೂಸಿನ ಟೋಪಿ ಕಿತ್ತಳು. ಪ್ರವಾಸಿಗಳಲ್ಲಿ ಒಬ್ಬಾಕೆ ಕಿಟಾರನೆ ಕಿರುಚಿದಳು. ಮೂರು ಕೋಕಾ ಎಲೆ, ಅದರ ಮೇಲೊಂದು ಗಡ್ಡೆ, ಮೊಳಕೆ ಮೇಲ್ಮುಖ. ಪಕ್ಕದ ಹೆಂಗಸಿನ ಬೊಗಸೆಗೆ ಒಂದಿಷ್ಟು. ಅದರಾಚೆಯವಳಿಗೆ ಒಂದಿಷ್ಟು. ಸಾಲೆಲ್ಲ ಬಗ್ಗಿತು.

ರೆಂಜೊ ಗಡ್ಡೆ ನೋಡಿದ. ಬೆಳ್ಳಗಾದ. “ನಿಲ್ಸಿ! ತೆಗೀರಿ ಅದನ್ನ! ಹೊರಗೆ ತೆಗೀರಿ!”

ಬಸಿಲಿಯಾ ಮುಚ್ಚಿದ ಹೆಂಟೆಯ ಮೇಲೆ ಬರಿಗಾಲಿಟ್ಟು ನಿಂತಳು. “ತೆಗೆಯಲ್ಲ.”

“ಏನಂದೆ?”

“ತೆಗೆಯಲ್ಲ. ಇಷ್ಟು ದಿನ ನೀವು ತೆಗಿ ಅಂದಿದ್ದೆಲ್ಲ ತೆಗೆದ್ವಿ. ಟೋಪಿ ತೆಗಿ ಅಂದ್ರಿ, ತೆಗೆದ್ವಿ. ಚಪ್ಪಲಿ ತೆಗಿ ಅಂದ್ರಿ, ತೆಗೆದ್ವಿ. ಹೊಲದಿಂದ ಕಾಲು ತೆಗಿ ಅಂದ್ರಿ. ಇದನ್ನ ತೆಗೆಯಲ್ಲ. ತಾಯಿ ಬಾಯಿಗಿಟ್ಟ ತುತ್ತು ಕಿತ್ಕೊಳ್ಳೋಕೆ ನಾನು ನಿಮ್ಮೋಳಲ್ಲ.”

ಅವಳು ಹೇಳಿದ್ದು ಕೆಚುವಾದಲ್ಲಿ. ಪ್ರವಾಸಿಗಳಿಗೆ ಮೈ ಜುಮ್ಮೆಂದಿತು. ಎಷ್ಟು ಚೆನ್ನಾಗಿ ಅಭಿನಯಿಸುತ್ತಾಳೆ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೂರು ಫೋನು ಅವಳ ಕಡೆಗಿತ್ತು. ಕೈ ಹಿಡಿದು ಎಳೆಯುವುದು ಹೇಗೆ? ರೆಂಜೊ ದೊರೆಯ ಕಡೆ ತಿರುಗಿದ. “ಡಾಕ್ಟರೇ, ನಿಲ್ಸೋಕೆ ಹೇಳಿ! ಅವರ ಭಾಷೇಲಿ ಹೇಳಿ!”

ನಿಲ್ಲಿಸಿ ಎನ್ನುವುದಕ್ಕೆ ಆ ಭಾಷೆಯಲ್ಲಿ ಏನೆನ್ನುತ್ತಾರೋ ಡಾಕ್ಟರಿಗೆ ಗೊತ್ತಿರಲಿಲ್ಲ. ನೋವು ಎನ್ನುವುದಕ್ಕೇ ಗೊತ್ತಿರಲಿಲ್ಲ. ಸಾವಿರ ಕಣ್ಣು ಅವನನ್ನೇ ನೋಡುತ್ತಿದ್ದವು. ಮೈಕು ಎದೆಯ ಚಿನ್ನದ ತಟ್ಟೆಗೆ ಸಿಕ್ಕಿಸಿತ್ತು. ಆತ ಕೈ ಎತ್ತಿದ. ಗೊತ್ತಿದ್ದ ಒಂದೇ ಸಾಲು ಬಾಯಿಂದ ಬಂತು. ಬೆಟ್ಟದಿಂದ ಬೆಟ್ಟಕ್ಕೆ ಮೊಳಗಿತು.

“ಬಿತ್ತಿ ಮಕ್ಕಳೇ, ಈ ಭೂಮಿ ನಿಮ್ಮದು!”

ದೊಮಿತಿಲಾ ಇದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕಳು. “ಕೇಳಿದ್ರಾ? ದೊರೆ ಅಪ್ಪಣೆ ಆಯ್ತು. ಬಗ್ರೇ!” ಕಂಬಳಿಯ ಬೀಜವೆಲ್ಲ ಮಣ್ಣು ಸೇರುವ ತನಕ ಅವರು ಬಿತ್ತಿದರು. ಬೀಜ ಮುಗಿದ ಕಡೆ ಗೆರೆಯೂ ಮುಗಿಯಿತು, ತೆರೆದ ಬಾಯಿ ಒಂದೂ ಖಾಲಿ ಉಳಿಯಲಿಲ್ಲ. ದೊರೆಯನ್ನು ವಾಪಸ್ ಹೊರಲು ಯಾರೂ ಇರಲಿಲ್ಲ. ಮೆಟ್ಟಿಲು ಕಡಿದಾಗಿದ್ದವು. ಆತ ಕಿರೀಟ ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿದ.

ವಾರ ಕಳೆಯುವುದರೊಳಗೆ ಬಸಿಲಿಯಾಳನ್ನು ಮಂಡಳಿಯ ಕಚೇರಿಗೆ ಕರೆಸಿದರು. ಪಟ್ಟಣಕ್ಕೆ ನಡೆದೇ ಹೋದಳು, ಅತ್ತೆಯೂ ಜೊತೆಗೆ. ಆರೋಪ ಕೇಳಿಸಿದರು. ಪರಂಪರೆಯ ಮಣ್ಣಿಗೆ ಹೊರಗಿನ ವಸ್ತು ಸೇರಿಸಿದ್ದು.

“ಯಾವ ಹೊರಗಿಂದು?” ಎಂದಳು ಬಸಿಲಿಯಾ.

“ಆಲೂಗಡ್ಡೆ.”

“ಹಂಗಾದ್ರೆ ಒಳಗಿಂದು ಯಾವ್ದು? ಪ್ಲಾಸ್ಟರಾ?”

“ನಿನಗೆ ಬಿತ್ತೋಕೆ ಹೇಳಿದ್ದು ಯಾರು? ಅದನ್ನ ಹೇಳು.” ಅಧ್ಯಕ್ಷ ಮೇಜು ಕುಟ್ಟಿದ.

“ಇಂಕಾ ಹೇಳಿದ. ಇಡೀ ಲೋಕ ಕೇಳಿಸ್ಕೊಂಡಿದೆ.”

ಕೇಳಿಸಿಕೊಂಡಿತ್ತು. ಆ ಕ್ಷಣದ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಕೇಸು ಹಾಕಿದರೆ ಮೊದಲು ಒಳಗೆ ಹೋಗಬೇಕಾದವನು ಅಧ್ಯಕ್ಷನ ಭಾವಮೈದುನ. ಅಧ್ಯಕ್ಷ ನೀರು ಕುಡಿದ. ಬಿತ್ತಿದ್ದನ್ನು ಸದ್ದಿಲ್ಲದೆ ಅಗೆದು ತೆಗೆಯಿರಿ ಎಂದು ಕೈ ಕೆಳಗಿನವರಿಗೆ ಹೇಳಿದ. ಅವರು ಅವನದೇ ನಿಯಮ ತೋರಿಸಿದರು. ಬೇಲಿಯೊಳಗೆ ಸಲಿಕೆ ಇಡಲು ರಾಜಧಾನಿಯ ತಜ್ಞರ ಸಮಿತಿಯ ಅನುಮತಿ ಬೇಕು. ಸಮಿತಿ ಸಭೆ ಸೇರುವ ಮೊದಲು ಮೊಳಕೆ ಮೇಲೆ ಬಂತು.

ಆಮೇಲಿನದ್ದು ನೋಡಬೇಕಾದ ತಮಾಷೆ. ಊರಿನವರನ್ನು ಹೊರಗಿಡಲು ಹಾಕಿದ ಬೇಲಿ ಊರಿನ ಹಂದಿಗಳನ್ನು ಬೆಳೆಯಿಂದ ಹೊರಗಿಟ್ಟಿತು. ಗ್ರಿಮಾಲ್ಡೊ ಸೀಟಿ ಊದಿ ಹಕ್ಕಿ ಓಡಿಸಿದ. ಮಳೆ ತಡವಾದಾಗ, ಇಂಕಾಗಳ ನೀರಿನ ಜಾಣ್ಮೆಯನ್ನು ಪ್ರವಾಸಿಗಳಿಗೆ ತೋರಿಸುವ ನೆಪದಲ್ಲಿ ಹಳೆಯ ಕಾಲುವೆಯ ಕಲ್ಲು ಸರಿಸಿ ದಿನಾ ಮೂರನೆಯ ಮೆಟ್ಟಿಲಿಗೆ ನೀರು ಹಾಯಿಸಿದ. ಇಷ್ಟು ನಿಷ್ಠೆಯಿಂದ ಸರ್ಕಾರ ಯಾವ ರೈತನ ಬೆಳೆಯನ್ನೂ ಕಾದದ್ದಿಲ್ಲ. ಗಿಡ ನೇರಳೆ ಹೂ ಬಿಟ್ಟಿತು. ಮಂಡಳಿಯವರು ಫೋಟೋ ತೆಗೆದು ತಮ್ಮ ಕ್ಯಾಲೆಂಡರಿಗೆ ಹಾಕಿಕೊಂಡರು. ಕಣ್ಮರೆಯಾದ ಜನಾಂಗದ ಅಪರೂಪದ ಬೆಳೆ, ಮಂಡಳಿಯ ಪ್ರಯತ್ನದಿಂದ ಮತ್ತೆ ಚಿಗುರಿದೆ. ಕೊಯ್ಲಿಗೆ ಮತ್ತೊಂದು ಹಬ್ಬ ಮಾಡುವುದು, ಗಡ್ಡೆಯನ್ನು ಪಟ್ಟಣದ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು, ಉಳಿದದ್ದನ್ನು ಲಿಮಾದ ಬಾಣಸಿಗನೊಬ್ಬ ಗಣ್ಯರಿಗೆ ಅಡುಗೆ ಮಾಡಿ ಬಡಿಸುವುದು ಎಂದು ತೀರ್ಮಾನವಾಯಿತು. ರೆಂಜೊನಿಗೆ ಮತ್ತೆ ಕರೆ ಹೋಯಿತು.

“ಗಾಜಿನ ಪೆಟ್ಗೇಲಿ ಮೊಳಕೆ ಬರುತ್ತಾ?” ಎಂದು ಬಸಿಲಿಯಾ ಕೇಳಿದಳು.

“ಬರಲ್ಲ,” ಎಂದ ಗ್ರಿಮಾಲ್ಡೊ. “ಅದಕ್ಕೇ ಇಡೋದು.”

ಮಳೆ ನಿಂತು ಎಲೆ ಒಣಗಿದ ಮೇಲೆ, ಹಬ್ಬಕ್ಕೆ ಇನ್ನೂ ದಿನ ಇರುವಾಗ, ಊರು ಬೇಲಿಯೊಳಗೆ ಇಳಿಯಿತು. ಈ ಸಲ ನಗಾರಿ ಇರಲಿಲ್ಲ. ಸ್ವೆಟರು ಹಾಕಿದ್ದರು. ಟೋಪಿ ಇಟ್ಟಿದ್ದರು. ಟೈರಿನ ಚಪ್ಪಲಿ ಮೆಟ್ಟಿದ್ದರು. ಗ್ರಿಮಾಲ್ಡೊ ಗೇಟು ತೆರೆದು, ಕಿತ್ತಳೆ ಮೇಲಂಗಿ ಕಳಚಿ ಕಂಬಕ್ಕೆ ತೂಗುಹಾಕಿ, ಗುದ್ದಲಿ ಹಿಡಿದು ಬಂದ. ಸೀಟಿ ಮಾತ್ರ ಕುತ್ತಿಗೆಯಲ್ಲಿತ್ತು. ಬದುವಿನ ಮೇಲೆ ಹತ್ತಿದ ಪ್ರವಾಸಿಗಳಿಗೆ ಊದಿದ. “ಗೋಡೆ ಇಳೀರಿ! ಕಟ್ಟೋರು ನಾವು, ಬೀಳ್ಸೋರು ನೀವಾ?”

ಪ್ರವಾಸಿಗಳನ್ನು ಕರೆತಂದ ಗೈಡ್ ಹುಡುಗಿಗೆ ತಲೆಬಿಸಿಯಾಯಿತು. “ಅಜ್ಜಿ, ಸ್ವಲ್ಪ ಪಕ್ಕಕ್ಕೆ ಸರೀರಿ. ಇಂಕಾ ಹೊಲದ ಫೋಟೋ ತೆಗೀಬೇಕು, ನೀವೆಲ್ಲ ಅಡ್ಡ ಬರ್ತೀರ.”

ದೊಮಿತಿಲಾ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. “ಕಣ್ಮರೆಯಾಗಿರೋರು ಅಡ್ಡ ಹೆಂಗಮ್ಮ ಬರ್ತೀವಿ? ತೆಗ್ದುಕೋ, ನಾವು ಕಾಣಲ್ಲ.”

ಬಸಿಲಿಯಾ ಮೊದಲ ಬುಡ ಅಗೆದಳು. ಮಣ್ಣಿನೊಳಗೆ ಕೈ ತೂರಿಸಿದಳು. ಗಂಟುಗಂಟಿನ, ಮುಷ್ಟಿಗಿಂತ ದಪ್ಪದ ಗಡ್ಡೆ ಬೆರಳಿಗೆ ಸಿಕ್ಕಿತು. ಒಂದರ ಹಿಂದೆ ಇನ್ನೊಂದು. ಎದೆಗೆ ಒತ್ತಿ ಹಿಡಿದಳು, ಬಿಕ್ಕಿ ಅತ್ತಳು. “ನೋಡ್ರೋ, ಹೆಸರು ಉಳಿಸ್ತು ಗಡ್ಡೆ,” ಎಂದು ಅತ್ತೆ ಅಣಕಿಸಿದಳು. ಆದರೆ ಅವಳ ಮೂಗೂ ಸುರಿಯುತ್ತಿತ್ತು.

ಬೀಜಕ್ಕೆಂದು ಒಳ್ಳೆಯದನ್ನು ಆರಿಸಿ ಮನೆಮನೆಗೂ ಒಂದೊಂದು ಪಾಲು ಮಾಡಿದರು, ಇನ್ನು ಒಂದೇ ಬುಟ್ಟಿಗೆ ಅದರ ಜೀವ ನೇತುಬೀಳಬಾರದೆಂದು. ಉಳಿದದ್ದನ್ನು ಮೂಟೆ ಕಟ್ಟಿ ಲಾಮಾಗಳ ಮೇಲೆ ಹೇರಿದರು. ಗೇಟು ಪ್ರವಾಸಿಗಳು ಒಬ್ಬೊಬ್ಬರೇ ನುಸುಳುವಂತೆ ಮಾಡಿದ್ದು. ಮೂಟೆ ಹೊತ್ತ ಲಾಮಾ ಅದರಲ್ಲಿ ಸಿಕ್ಕಿಕೊಂಡು, ಎಲ್ಲರ ಮೇಲೂ ಉಗಿದು, ಅಲ್ಲೇ ಕೂತುಬಿಟ್ಟಿತು.

ಟೊರಿಬಿಯೊ ತಾನು ನೆಟ್ಟ ಕಂಬದ ಹತ್ತಿರ ಹೋಗಿ ಅಪ್ಪಿ ಹಿಡಿದು ಅಲ್ಲಾಡಿಸಿದ.

“ಏ, ಅದು ಸರ್ಕಾರದ ಬೇಲಿ!” ಎಂದಳು ಗೈಡ್ ಹುಡುಗಿ.

“ನನ್ನ ಕೆಲಸ,” ಎಂದ ಟೊರಿಬಿಯೊ. “ಊಟ ಹಾಕಿಲ್ಲ. ವಾಪಸ್ ತಗೋತಿದ್ದೀನಿ.” ಗಂಡಸರು ತಮ್ಮ ತಮ್ಮ ಕಂಬ ಹುಡುಕಿಕೊಂಡು ಹೋದರು. ಲಾಮಾಗಳು ಕತ್ತು ನೆಟ್ಟಗೆ ಮಾಡಿಕೊಂಡು ಹೊರಗೆ ನಡೆದವು.

ಕೊಯ್ಲಿನ ದಿನ ಹೊಲದಲ್ಲೇ ಊಟ. ಒಣ ಹೆಂಟೆಗಳನ್ನು ಗುಮ್ಮಟದಂತೆ ಪೇರಿಸಿ, ಒಳಗೆ ಬೆಂಕಿ ಮಾಡಿ, ಹೆಂಟೆ ಕೆಂಪಾದಾಗ ಗಡ್ಡೆ ಸುರಿದು, ಮೇಲೆ ಗುಮ್ಮಟ ಕೆಡವಿ ಬೇಯಿಸುವುದು. ಸೌದೆಗೆ ದೊಮಿತಿಲಾ ಸುತ್ತ ನೋಡಿದಳು. ನೋಡಿದ ಕಡೆಯೇ ನೋಡಿ ನಿಂತಳು. ಒಳ್ಳೆಯ ಮರ. ಎರಡು ಬಿಸಿಲುಗಾಲ ಒಣಗಿತ್ತು.

ಜೀಪು ದೂಳೆಬ್ಬಿಸಿಕೊಂಡು ಬಂದಾಗ ಊರೆಲ್ಲ ಸುತ್ತ ಕೂತು ತಿನ್ನುತ್ತಿತ್ತು. ರೆಂಜೊ ಜಿಗಿದು ಇಳಿದ. ಅಗೆದ ಹೊಲ ನೋಡಿದ. ಮಲಗಿದ ಬೇಲಿ ನೋಡಿದ. ಕಪ್ಪು ಕನ್ನಡಕ ತೆಗೆದು ಹೊಲದ ಬಾಯಲ್ಲಿದ್ದ ಎರಡು ಖಾಲಿ ಗುಂಡಿ ನೋಡಿದ.

“ಫಲಕ ಎಲ್ಲಿ?” ದನಿ ಕೀರಲಾಗಿತ್ತು. “ಇಲ್ಲಿದ್ದ ಫಲಕ ಎಲ್ಲಿ?”

ಯಾರೂ ತಿನ್ನುವುದನ್ನು ನಿಲ್ಲಿಸಲಿಲ್ಲ. ಬಸಿಲಿಯಾ ಬೂದಿ ಕೆದಕಿ, ಎಲ್ಲದಕ್ಕಿಂತ ಗಂಟುಗಂಟಾದ ಒಂದು ಗಡ್ಡೆ ಆರಿಸಿ, ಹಬೆಯಾಡುತ್ತಿದ್ದದ್ದನ್ನು ಅವನ ಅಂಗೈಯಲ್ಲಿಟ್ಟಳು.

“ತಗೊಳ್ಳಿ ಸ್ವಾಮಿ, ಅದರಲ್ಲೇ ಬೆಂದಿದ್ದು,” ಎಂದಳು. “ಸಿಪ್ಪೆ ಮಾತ್ರ ನೀವೇ ಸುಲ್ಕೋಬೇಕು.”